ಚೋರ್ ಬಜಾರಿನಲ್ಲಿ ಗಾಂಧಾರಿ ಹಾನಗಲ್

ಮುಂಬೈಯ ಮಟನ್ ಸ್ಟ್ರೀಟಿನಲ್ಲಿ ಹಳೇ ಸಾಮಾನಿನ ಅಂಗಡಿಗಳಿಗೆ ಶುಕ್ರವಾರ ರಜೆ. ಆದರೂ ಊರೂರಿನ ವ್ಯಾಪಾರಿಗಳು ಅಲ್ಲಿಗೆ ಹೋಗಲು ಹವಣಿಸುವುದು ಶುಕ್ರವಾರವೇ. ಷಟರ್ ಎಳೆದ ಅಂಗಡಿಗಳ ಮುಂದೆಯೂ ಸುತ್ತಲಿನ ಗಲ್ಲಿಗಳಲ್ಲೂ ಅಂದು ನಸುಕಿಗೇ ನೆಲದ ವ್ಯಾಪಾರ ಶುರುವಾಗುತ್ತದೆ. ಗೋಣಿತಟ್ಟು, ತಾಡಪಾಲು, ಹಳೇ ಸೀರೆ, ಏನು ಸಿಕ್ಕಿತೋ ಅದನ್ನು ಹಾಸಿ ಮೇಲೆ ಸಾಮಾನು ಸುರಿಯುತ್ತಾರೆ. ಗಡಿಯಾರದ ಮುಳ್ಳು, ಟೆಲಿಫೋನಿನ ಡಯಲು, ಒಂಟಿ ಬೂಟು, ಹಡಗಿನ ಹಿತ್ತಾಳೆ ದೀಪ, ಯಾರದೋ ಮದುವೆಯ ಫೋಟೊ, ಲೆನ್ಸಿಲ್ಲದ ಕ್ಯಾಮೆರಾ. ಮಧ್ಯಾಹ್ನದ ನಮಾಜಿನ ಹೊತ್ತಿಗೆ ಒಳ್ಳೆಯದೆಲ್ಲ ಕೈ ಬದಲಾಗಿರುತ್ತದೆ.

ಸರ್ದಾರ್ ಪಟೇಲ್ ರಸ್ತೆಗೂ ಮೌಲಾನಾ ಶೌಕತ್ ಅಲಿ ರಸ್ತೆಗೂ ನಡುವೆ, ಭೇಂಡಿ ಬಜಾರಿಗೆ ಅಂಟಿಕೊಂಡಿರುವ ಈ ಗಲ್ಲಿಗಳೇ ಚೋರ್ ಬಜಾರ್. 1990ರ ದಶಕದಲ್ಲಿ ಹುಬ್ಬಳ್ಳಿಯಿಂದ ಗುರುವಾರ ರಾತ್ರಿಯ ಬಸ್ಸು ಹತ್ತಿ ಅಲ್ಲಿಗೆ ಹೋಗುತ್ತಿದ್ದವರಲ್ಲಿ ಒಬ್ಬ ಸೋದರಮಾವ, ಒಬ್ಬ ಅಳಿಯ ಇದ್ದರು. ಮಾವನದು ದುರ್ಗದಬೈಲಿನ ಸಮೀಪ ರೇಡಿಯೊ ರಿಪೇರಿಯ ಸಣ್ಣ ಅಂಗಡಿ. ವಾಲ್ವ್ ರೇಡಿಯೊ ತರುವವರು ಕಡಿಮೆಯಾದ ಮೇಲೆ ಅವನು ಗ್ರಾಮಫೋನ್ ಪ್ಲೇಟುಗಳನ್ನು ಕೊಂಡು ಮಾರುವ ಕಸುಬಿಗೆ ಇಳಿದಿದ್ದ. ಅಳಿಯ ಆಗಿನ್ನೂ ಕಾಲೇಜು ಹುಡುಗ. ಪೆಟ್ಟಿಗೆ ಹೊರುವುದು, ಪ್ಲೇಟು ಒರೆಸುವುದು, ನೋಟುಬುಕ್ಕಿನಲ್ಲಿ ಬರೆದಿಡುವುದು ಅವನ ಪಾಲಿನ ಕೆಲಸ.

"ತಮ್ಮಾ, ಹೊತ್ತ ಹೊಂಟ ಮ್ಯಾಲ ಬರೋರು ನೋಡಾಕ ಬರೋ ಮಂದಿ. ವ್ಯಾಪಾರದವರು ಬ್ಯಾಟರಿ ಹಿಡಕೊಂಡ ಬರ್ತಾರ," ಅನ್ನುತ್ತಿದ್ದ ಮಾವ. ಆ ಮಾತಿನಂತೆಯೇ ಬ್ಯಾಟರಿ ಬೆಳಕುಗಳು ನೆಲದ ಮೇಲೆ ಹರಿದಾಡುತ್ತಿದ್ದವು. ಆ ಹೊತ್ತಿನಲ್ಲಿ ಮಾರುವವರೂ ಕೊಳ್ಳುವವರೂ ಹೆಚ್ಚುಕಡಿಮೆ ಒಂದೇ ಕಸುಬಿನವರು. ಮನೆಮನೆ ತಿರುಗುವ ಭಂಗಾರದವನಿಂದ, ಅಂದರೆ ಗುಜರಿಯವನಿಂದ, ಗೋದಾಮಿಗೆ, ಗೋದಾಮಿನಿಂದ ಶುಕ್ರವಾರದ ಬೀದಿಗೆ, ಬೀದಿಯಿಂದ ಮಟನ್ ಸ್ಟ್ರೀಟಿನ ಅಂಗಡಿಗೆ, ಅಲ್ಲಿಂದ ಶ್ರೀಮಂತರ ಬೈಠಕ್ ಕೋಣೆಗೆ ಸರಕು ಹೋಗುತ್ತದೆ. ಪ್ರತಿ ಕೈಗೂ ದರ ಏರುತ್ತದೆ. ದೂರದಿಂದ ಬಂದವನು ಬಸ್ ಚಾರ್ಜು ಕಳೆದು ನಾಲ್ಕು ಕಾಸು ಉಳಿಸಬೇಕಾದರೆ ಬೀದಿಯಲ್ಲೇ, ಅಂಗಡಿಯವನ ಕಣ್ಣು ಬೀಳುವ ಮುಂಚೆಯೇ ಕೊಳ್ಳಬೇಕು.

ಸರಕಿನ ಮೂಲ ಹಲವು. ದಾರೂಖಾನಾದಲ್ಲಿ ಹಡಗು ಒಡೆದಾಗ ಬಂದ ಹಿತ್ತಾಳೆ, ಗಾಜು, ದಿಕ್ಸೂಚಿ. ಚಾಳು ಬಿಟ್ಟು ಉಪನಗರದ ಫ್ಲಾಟಿಗೆ ಹೋದವರು ಬಿಟ್ಟುಹೋದ ಕಪಾಟು. ವಾರಸುದಾರರು ವಿದೇಶದಲ್ಲಿರುವ ಮನೆಗಳ ಪಿಂಗಾಣಿ. ಬಾಗಿಲು ಹಾಕಿದ ಸಿನಿಮಾ ಕಚೇರಿಗಳ ಕೈಯಲ್ಲಿ ಬಿಡಿಸಿದ ಪೋಸ್ಟರು. ಇವುಗಳ ನಡುವೆ ಕದ್ದ ಮಾಲೂ ಬರುತ್ತಿತ್ತು ಎಂಬುದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಕದ್ದದ್ದೆಂದು ತಿಳಿದೂ ಕೊಳ್ಳುವುದು ಆಗಿನ ದಂಡಸಂಹಿತೆಯ 411ನೇ ಕಲಮಿನಡಿ ಅಪರಾಧವಾಗಿತ್ತು. ಮಾವ ಹೊಸ ವಾಚು, ಹೊಸ ಟೇಪ್‌ರೆಕಾರ್ಡರ್ ಮುಟ್ಟುತ್ತಿರಲಿಲ್ಲ. ದೇವರ ಮೂರ್ತಿ, ತಾಳೆಗರಿಯ ಕಟ್ಟು ಕಂಡರಂತೂ ಮುಂದಿನ ಹಾಸಿನತ್ತ ನಡೆದುಬಿಡುತ್ತಿದ್ದ. 1972ರ ಪುರಾವಸ್ತು ಕಾಯ್ದೆಯ ಪ್ರಕಾರ 100 ವರ್ಷ ದಾಟಿದ ಶಿಲ್ಪ, ಕಲಾವಸ್ತುಗಳೂ 75 ವರ್ಷ ದಾಟಿದ ಮಹತ್ವದ ಹಸ್ತಪ್ರತಿಗಳೂ ಪುರಾವಸ್ತುಗಳು. ಅವುಗಳ ವ್ಯಾಪಾರಕ್ಕೆ ಪರವಾನಗಿ ಬೇಕು. ಯಾವ ಗುಡಿಯ ಗರ್ಭಗುಡಿ ಬರಿದಾಗಿ ಆ ಮೂರ್ತಿ ಇಲ್ಲಿಗೆ ಬಂದಿದೆಯೋ ಎಂಬ ಸಂಕಟವೂ ಮಾವನಿಗೆ ಇತ್ತು. ಸುತ್ತ ಎಲ್ಲರೂ ಕೊಳ್ಳುವಾಗ ಕೈ ಹಿಂದೆ ಕಟ್ಟಿಕೊಂಡು ನಿಲ್ಲುವುದಕ್ಕೆ ಗಟ್ಟಿತನ ಬೇಕು. ಅದು ಅವನಲ್ಲಿತ್ತು.

ಕೊಳ್ಳಬಾರದ್ದು ಬೇರೆ ಬಗೆಯದೂ ಇತ್ತು. ರಾಮನ ಪಟ್ಟಾಭಿಷೇಕದ ಚಿತ್ರ, 1818ರ ಇಸವಿ, ಈಸ್ಟ್ ಇಂಡಿಯಾ ಕಂಪನಿಯ ಹೆಸರು ಇರುವ ತಾಮ್ರದ ಬಿಲ್ಲೆಗಳು ಹಾಸುಹಾಸಿನ ಮೇಲೂ ಇರುತ್ತಿದ್ದವು. ಕಂಪನಿ ಅಂಥ ನಾಣ್ಯ ಹೊರಡಿಸಲೇ ಇಲ್ಲ. ಹಾಗೆಯೇ ಫಳಫಳ ಹೊಳೆಯುವ ಹಿತ್ತಾಳೆ ಕಹಳೆಯ ಗ್ರಾಮಫೋನು. ಪ್ರವಾಸಿಗಳು ಅದರ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುತ್ತಿದ್ದರು. ಯಾವುದೋ ಕೆಟ್ಟ ಪೆಟ್ಟಿಗೆ ಗ್ರಾಮಫೋನಿನ ಮೋಟಾರು ಬಿಚ್ಚಿ, ಹೊಸ ಮರದ ಡಬ್ಬಿಗೆ ಕೂಡಿಸಿ, ಹೊಸ ಕಹಳೆ ಸಿಕ್ಕಿಸಿ, ನಾಯಿಯ ಗುರುತು ಅಂಟಿಸಿದ ಯಂತ್ರ ಅದು. 1931ರಲ್ಲಿ ಬಂದ ಎಚ್‌ಎಂವಿ 102 ಎಂಬ ಪೆಟ್ಟಿಗೆ ಮಾದರಿಗೆ ಹೊರಗೆ ಕಹಳೆಯೇ ಇಲ್ಲ, ನೋಡಲು ಸೂಟ್‌ಕೇಸು. ಮಾವ ಹುಡುಕುತ್ತಿದ್ದದ್ದು ಆ ಸೂಟ್‌ಕೇಸನ್ನು. ಮುಚ್ಚಳ ತೆಗೆದು ಕೀಲಿ ಕೊಟ್ಟು, ಸ್ಪ್ರಿಂಗು ಬಿಚ್ಚಿಕೊಳ್ಳುವ ಸದ್ದಿಗೆ ಕಿವಿಗೊಟ್ಟು, ಕೊಳ್ಳಬಹುದೋ ಬಾರದೋ ಎಂದು ಅಲ್ಲೇ ತೀರ್ಮಾನಿಸುತ್ತಿದ್ದ.

ಆದರೆ ಅವನ ಜೀವ ಇದ್ದದ್ದು ಪ್ಲೇಟುಗಳಲ್ಲಿ. ಅರಗು, ಕಲ್ಲಿನ ಪುಡಿ, ಕಾಡಿಗೆ ಕೂಡಿಸಿ ಒತ್ತಿದ ಕರಿ ತಟ್ಟೆ. ಹತ್ತು ಇಂಚಿನದಾದರೆ ಒಂದು ಮಗ್ಗುಲಿಗೆ ಮೂರು ನಿಮಿಷದ ಹಾಡು. ಭಾರತದಲ್ಲಿ ಈ ಕೆಲಸ ಮೊದಲಾದದ್ದು 1902ರ ನವೆಂಬರಿನಲ್ಲಿ, ಕಲ್ಕತ್ತೆಯ ಹೋಟೆಲೊಂದರಲ್ಲಿ. ಫ್ರೆಡ್ ಗೈಸ್‌ಬರ್ಗ್ ಎಂಬ ತಂತ್ರಜ್ಞನ ಕಹಳೆಯ ಮುಂದೆ ಗೌಹರ್ ಜಾನ್ ಹಾಡಿ, ಕೊನೆಗೆ ತನ್ನ ಹೆಸರನ್ನು ಇಂಗ್ಲಿಷಿನಲ್ಲಿ ಕೂಗಿ ಹೇಳಿದಳು. ಆಗ ತಟ್ಟೆಗಳು ಅಚ್ಚಾಗುತ್ತಿದ್ದದ್ದು ಜರ್ಮನಿಯ ಹ್ಯಾನೋವರಿನಲ್ಲಿ. ಅಲ್ಲಿನವರಿಗೆ ಹಾಡಿದವರು ಯಾರೆಂದು ತಿಳಿಯಲಿ ಎಂದೇ ಆ ಕೂಗು. ಅದೇ ಗೌಹರ್ ಜಾನ್ 1928ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನ ಸೇರಿದಳು. 1930ರ ಜನವರಿಯಲ್ಲಿ ತೀರಿಕೊಂಡದ್ದೂ ಮೈಸೂರಿನಲ್ಲೇ.

ಬೀದಿಯಲ್ಲಿ ಪ್ಲೇಟು ಪರೀಕ್ಷಿಸುವುದಕ್ಕೆ ಒಂದು ಕ್ರಮ ಇತ್ತು. ಮೊದಲು ಅಂಚು ಹಿಡಿದು ಬ್ಯಾಟರಿಯ ಬೆಳಕನ್ನು ಓರೆಯಾಗಿ ಬಿಡಬೇಕು. ಗೆರೆಗಳು ಕರ್ರಗೆ ಹೊಳೆದರೆ ಕಡಿಮೆ ನುಡಿದ ತಟ್ಟೆ. ಬೂದಿ ಬಣ್ಣಕ್ಕೆ ತಿರುಗಿದ್ದರೆ ಉಕ್ಕಿನ ಸೂಜಿ ಅದನ್ನು ತಿಂದುಹಾಕಿದೆ ಎಂದರ್ಥ. ಆ ಸೂಜಿಯನ್ನು ಒಂದು ಮಗ್ಗುಲು ನುಡಿಸಿ ಎಸೆಯಬೇಕಿತ್ತು, ಬಹಳ ಮನೆಗಳಲ್ಲಿ ಅದೇ ಸೂಜಿಯನ್ನು ತಿಂಗಳುಗಟ್ಟಲೆ ಬಳಸಿದರು. ಬಳಿಕ ಬೆರಳ ಗೆಣ್ಣಿನಿಂದ ಮೆಲ್ಲಗೆ ಬಡಿಯಬೇಕು, ಸಂತೆಯಲ್ಲಿ ಗಡಿಗೆ ಕೊಳ್ಳುವವರು ಬಡಿದು ನೋಡುವ ಹಾಗೆ. ಒಳಗೆ ಸೀಳು ಬಿಟ್ಟಿದ್ದರೆ ದನಿ ಬದ್ದಾಗಿ ಕೇಳುತ್ತದೆ. ಕಡೆಯದಾಗಿ ಲೇಬಲ್ಲು. ಹೆಸರು, ರಾಗ, ಭಾಷೆ, ನಂಬರು. ಲೇಬಲ್ಲು ಹರಿದಿದ್ದರೆ ಅದರ ಅಂಚಿನ ಖಾಲಿ ಜಾಗದಲ್ಲಿ ಕೊರೆದ ಅಂಕಿ.

ಹುಡುಗ ಅಂಕಿ ಓದುತ್ತಿದ್ದ, ಮಾವ ಹೂಂ ಅನ್ನುತ್ತಿದ್ದ ಇಲ್ಲವೆ ಸುಮ್ಮನಿರುತ್ತಿದ್ದ. ಎಚ್‌ಎಂವಿ, ಕೊಲಂಬಿಯಾ, ಓಡಿಯನ್, ಮುಂಬೈಯಲ್ಲೇ 1935ರಿಂದ 20 ವರ್ಷ ನಡೆದ ಯಂಗ್ ಇಂಡಿಯಾ. ಹಿಂದಿ ಸಿನಿಮಾದ ಹಾಡುಗಳೇ ರಾಶಿ. ಮರಾಠಿ ನಾಟ್ಯಗೀತೆ, ಗುಜರಾತಿ ಗರ್ಬಾ ಅದರ ನಂತರ. ಆಗೀಗ ವಿದೇಶಿ ಸಂಗ್ರಾಹಕರು ಬೀಟಲ್ಸ್ ಹೆಸರು ಕೇಳಿಕೊಂಡು ಬರುತ್ತಿದ್ದರು. 1960ರ ದಶಕದಲ್ಲಿ ಪಶ್ಚಿಮದ ದೇಶಗಳು 78ರ ವೇಗದ ಅರಗಿನ ತಟ್ಟೆಯನ್ನು ಕೈಬಿಟ್ಟ ಮೇಲೂ ಕಲ್ಕತ್ತೆಯ ದಮ್‌ದಮ್ ಕಾರ್ಖಾನೆ ಬೀಟಲ್ಸ್ ಹಾಡುಗಳನ್ನು ಅದರಲ್ಲೇ ಅಚ್ಚು ಹಾಕಿತು. ಕರೆಂಟಿಲ್ಲದ ಊರಿನಲ್ಲಿ ಕೀಲಿ ಕೊಡುವ ಯಂತ್ರಗಳು ಇನ್ನೂ ತಿರುಗುತ್ತಿದ್ದವು, ಅದಕ್ಕೆ. ಆ ತಟ್ಟೆಗಳಿಗೆ ಲಂಡನ್ನಿನಲ್ಲಿ ದೊಡ್ಡ ಬೆಲೆ.

ಮಾವ ಹುಡುಕುತ್ತಿದ್ದದ್ದು ಲೇಬಲ್ಲಿನ ಮೇಲೆ ‘ಕೆನರೀಸ್’ ಎಂದು ಅಚ್ಚಾದದ್ದನ್ನು. ಮುಂಬೈಯಲ್ಲಿ ಕನ್ನಡ ಪ್ಲೇಟು ಎಲ್ಲಿಂದ ಬಂತು ಎಂದು ಇಂದಿನವರು ಕೇಳಬಹುದು. 1956ರವರೆಗೆ ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರದ ಸೀಮೆಗೆ ಮುಂಬೈಯೇ ರಾಜಧಾನಿ. ಗಿರಣಿಗೆ ದುಡಿಯಲು ಬಂದವರು, ಕರಾವಳಿಯಿಂದ ಬಂದು ಹೋಟೆಲಿಟ್ಟವರು, ಕೋರ್ಟು ಕಚೇರಿಯ ಗುಮಾಸ್ತರು, ಇವರೆಲ್ಲ ಊರಿನ ಹಾಡು ಕೇಳಲು ಪ್ಲೇಟು ಕೊಳ್ಳುತ್ತಿದ್ದರು. ಹಾಡುವವರೂ ಇಲ್ಲಿಗೇ ಬರಬೇಕಿತ್ತು. ಹುಬ್ಬಳ್ಳಿಯ ಗಂಗೂಬಾಯಿ ಹಾನಗಲ್ 1930ರ ದಶಕದ ಮೊದಲಲ್ಲಿ ಎಚ್‌ಎಂವಿಗೆ ಹಾಡಿದ್ದು ಮುಂಬೈಯಲ್ಲಿ. ಮಲ್ಲಿಕಾರ್ಜುನ ಮನಸೂರರ ಪ್ಲೇಟುಗಳು ಬಂದದ್ದೂ ಅದೇ ದಶಕದಲ್ಲಿ. ಗದಗಿನ ಭೀಮಸೇನ ಜೋಶಿ 20ರ ಪ್ರಾಯದಲ್ಲಿ ಮೊದಲ ಸಲ ಎಚ್‌ಎಂವಿಗೆ ಹಾಡಿದಾಗ ಅದರಲ್ಲಿ ಕನ್ನಡದ ಭಕ್ತಿಗೀತೆಗಳಿದ್ದವು, ಅದು 1942. ಕೊಂಡವರು ತೀರಿದರು, ಮಕ್ಕಳು ಕ್ಯಾಸೆಟ್ಟಿಗೆ ಬಂದರು, ಪ್ಲೇಟುಗಳು ಭಂಗಾರಕ್ಕೆ ಬಿದ್ದವು.

ಒಂದು ಮಳೆಗಾಲದ ಶುಕ್ರವಾರ, ತಾಡಪಾಲಿನ ಕೆಳಗೆ ಒದ್ದೆ ರಟ್ಟಿನ ಡಬ್ಬಿಯಲ್ಲಿ ಅಂಥದೊಂದು ಪ್ಲೇಟು ಸಿಕ್ಕಿತು. ಹಾಡಿದವಳ ಹೆಸರು ರೋಮನ್ ಅಕ್ಷರದಲ್ಲಿ ‘ಗಾಂಧಾರಿ ಹಾನಗಲ್’. ಗಂಗೂಬಾಯಿಯವರ ಆರಂಭದ ಮುದ್ರಿಕೆಗಳು ಹೊರಬಂದದ್ದು ಆ ಹೆಸರಿನಲ್ಲಿ. ಮಾವ ಡಬ್ಬಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತು ಇಡೀ ಡಬ್ಬಿಗೆ ದರ ಕೇಳಿದ. ಒಳ್ಳೆಯದೊಂದನ್ನು ಹೆಕ್ಕಿಕೊಂಡು ಉಳಿದ ಹೊರೆಯನ್ನು ಮಾರುವವನ ತಲೆಗೆ ಬಿಡುವುದು ಅವನಿಗೆ ಸರಿಬರುತ್ತಿರಲಿಲ್ಲ. ಮಾರುವ ಮುದುಕ ಬೋಣಿಗೆಯ ಹೊತ್ತು ಎಂದು ನಾಲ್ಕು ಮಾತಿಗೇ ಒಪ್ಪಿದ. "ಇಡೀ ಲಾಟ ತಗೊಂಡ್ರ ಮುಂದಿನ ವಾರ ಅವ ನಮಗಂತ ಎತ್ತಿಡ್ತಾನ," ಎಂದ ಮಾವ, ಡಬ್ಬಿ ಎತ್ತಿಕೊಳ್ಳುತ್ತ. ಎತ್ತಿಟ್ಟದ್ದೂ ನಿಜ. ಬೀದಿಯ ವ್ಯಾಪಾರಿಗಳು ಮಾವನನ್ನು ನೆನಪಿಟ್ಟುಕೊಂಡದ್ದು ಹೀಗೆ.

ಒಂದು ಪ್ಲೇಟು ಹೆಚ್ಚುಕಡಿಮೆ 200 ಗ್ರಾಮು. 50 ಆದರೆ ಹತ್ತು ಕಿಲೋ. ಕೆಳಗೆ ಬಿದ್ದರೆ ಚೂರು, ಅಡ್ಡ ಮಲಗಿಸಿ ಮೇಲೆ ಭಾರ ಹೇರಿದರೆ ಸೀಳು. ಕಟ್ಟಿಗೆಯ ಪೆಟ್ಟಿಗೆಯಲ್ಲಿ ಪೇಪರು ಸುತ್ತಿ ನೆಟ್ಟಗೆ ನಿಲ್ಲಿಸಿ, ಅಲ್ಲಾಡದಂತೆ ಹಳೇ ಬಟ್ಟೆ ತುರುಕಿ, ಬಸ್ಸಿನಲ್ಲಿ ಕಾಲಸಂದಿಯಲ್ಲಿ ಇಟ್ಟುಕೊಳ್ಳುತ್ತಿದ್ದರು. ಎಕ್ಸ್‌ಪ್ರೆಸ್‌ವೇ ಇನ್ನೂ ಆಗಿರಲಿಲ್ಲ. ಖಂಡಾಳ ಘಾಟು, ಪುಣೆ ದಾಟಿ ಖಂಬಾಟಕಿ ಘಾಟು. ಪ್ರತಿ ತಿರುವಿಗೂ ಹುಡುಗ ಎರಡೂ ಮೊಣಕಾಲಿನಿಂದ ಪೆಟ್ಟಿಗೆಯನ್ನು ಅಮುಕಿ ಹಿಡಿಯುತ್ತಿದ್ದ. ಕೊಲ್ಲಾಪುರದಲ್ಲಿ ಚಹಾಕ್ಕೆ ಇಳಿಯುವಾಗ ಇಬ್ಬರಲ್ಲಿ ಒಬ್ಬರೇ ಇಳಿಯುವುದು.

ಮರುದಿನ ಅಂಗಡಿಯಲ್ಲಿ ಆ ಪ್ಲೇಟನ್ನು ನುಡಿಸಿದರು. ಕೇಳಲು ಬಂದಿದ್ದವರು ಧಾರವಾಡದ ಒಬ್ಬ ನಿವೃತ್ತ ಮಾಸ್ತರರು, ಪಕ್ಕದ ಟೇಲರು, ಇನ್ನೊಬ್ಬಿಬ್ಬರು. ಎಲ್ಲರೂ 1950ರಲ್ಲಿ ಶುರುವಾದ ಧಾರವಾಡ ಆಕಾಶವಾಣಿ ಕೇಳಿಕೊಂಡು ಬೆಳೆದವರು. ಗಂಗೂಬಾಯಿ ಎಂದರೆ ಗಂಡುದನಿಯಂಥ ಭಾರದ, ತುಂಬಿದ ಕಂಠ ಎಂದು ಅವರ ಕಿವಿಗೆ ನಾಟಿತ್ತು. ಪ್ಲೇಟಿನಿಂದ ಬಂದದ್ದು ತೆಳುವಾದ, ಎತ್ತರದ, ಹೆಣ್ಣುಮಗಳೊಬ್ಬಳ ದನಿ.

"ಮಿಷನ್ನ ಜೋರ ತಿರಗಾಕತ್ತೈತಿ ನೋಡ್ರಿ," ಎಂದರು ಮಾಸ್ತರು.

ಮಾವ ಮಾತಾಡದೆ ಒಂದು ಕಾಗದದ ಚೂರನ್ನು ಪ್ಲೇಟಿನ ಅಡಿಗೆ ಅಂಚು ಹೊರಚಾಚುವಂತೆ ಸಿಕ್ಕಿಸಿ, ಕೈಗಡಿಯಾರ ಹುಡುಗನಿಗೆ ಕೊಟ್ಟ. ಕಾಗದ ಎದುರಿಗೆ ಬಂದಾಗಲೆಲ್ಲ ಹುಡುಗ ಎಣಿಸಿದ. ನಿಮಿಷಕ್ಕೆ 78. ಯಂತ್ರದಲ್ಲಿ ದೋಷವಿರಲಿಲ್ಲ. ಗಂಗೂಬಾಯಿಯವರ ಗಂಟಲಿಗೆ ಮುಂದೆ ಶಸ್ತ್ರಚಿಕಿತ್ಸೆಯಾಗಿ ಕಂಠ ಬದಲಾಯಿತು. ಊರೆಲ್ಲ ಬಲ್ಲ ಆ ಗಂಭೀರ ದನಿ ಅದರ ನಂತರದ್ದು. ಅದಕ್ಕಿಂತ ಮುಂಚಿನ ದನಿ ಉಳಿದದ್ದು ಇಂಥ ಕರಿ ತಟ್ಟೆಗಳಲ್ಲಿ ಮಾತ್ರ. ಹಾಡಿದ ತಾಯಿ ಆಗ ಅದೇ ಹುಬ್ಬಳ್ಳಿಯ ದೇಶಪಾಂಡೆ ನಗರದಲ್ಲಿ ಇದ್ದರು. ಅವರ ಹರೆಯದ ದನಿ ಮುಂಬೈಯ ಬೀದಿಯ ಮಳೆನೀರಿನಲ್ಲಿ ನೆನೆಯುತ್ತ ಬಿದ್ದಿತ್ತು. ಮಾಸ್ತರರು ಎರಡನೆಯ ಸಲ ಕೇಳಿದರು, ಮೂರನೆಯ ಸಲ ಕೇಳಿದರು, ದುಡ್ಡು ಎಣಿಸಿ ಪ್ಲೇಟನ್ನು ಎದೆಗೆ ಆನಿಸಿಕೊಂಡು ಧಾರವಾಡದ ಬಸ್ಸಿಗೆ ಹೋದರು.

ಮಾರಾಟಕ್ಕೆಂದು ತಂದ ಸರಕಿನ ಬಗ್ಗೆ ಹುಡುಗನಿಗೆ ಬೇರೆ ಗೌರವ ಹುಟ್ಟಿದ್ದು ಅಂದಿನಿಂದ. ತಂದ ಪ್ರತಿ ಪ್ಲೇಟಿನ ನಂಬರು, ಎರಡೂ ಮಗ್ಗುಲಿನ ಹಾಡು, ಕೊಂಡವರ ಊರು ಅವನ ನೋಟುಬುಕ್ಕಿಗೆ ಏರಿದವು. ಕನ್ನಡದ್ದು ಬಂದರೆ ಮಾರುವ ಮೊದಲು ಕ್ಯಾಸೆಟ್ಟಿಗೆ ಇಳಿಸಿಕೊಳ್ಳುವುದು ರೂಢಿಯಾಯಿತು. ಲಾಭದ ಲೆಕ್ಕದಲ್ಲಿ ಇದು ಸಮಯ ಹಾಳು. ಹಿಂದಿ ಸಿನಿಮಾದ ಪ್ಲೇಟು ಬಂದ ದಿನವೇ ಹೋಗುತ್ತಿತ್ತು, ಅದರಿಂದಲೇ ಅಂಗಡಿಯ ಬಾಡಿಗೆ ಹುಟ್ಟುತ್ತಿದ್ದದ್ದು. ಕನ್ನಡ ನಾಟಕದ ಸೆಟ್ಟು ತಿಂಗಳಾನುಗಟ್ಟಲೆ ಕೂರುತ್ತಿತ್ತು, ಸೆಟ್ಟಿನಲ್ಲಿ ಒಂದು ತಟ್ಟೆ ಕಡಿಮೆಯಿದ್ದರೆ ವರ್ಷಗಟ್ಟಲೆ. ಆದರೂ ಮಾವ ಅದನ್ನು ಬಿಟ್ಟುಬಂದವನಲ್ಲ. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ 1934ರಲ್ಲಿ ತೆರೆಕಂಡಿತು, ಇಂದು ಅದರ ಒಂದು ಪ್ರತಿಯೂ ಇಲ್ಲ. ನಮ್ಮ ಹಿರಿಯರು ಕೂಡಿಡದೆ ಕಳೆದದ್ದು ಎಷ್ಟು ಎಂಬುದಕ್ಕೆ ಅದೊಂದೇ ಸಾಕ್ಷಿ ಸಾಲದೆ?

ಕಾಲ ಕಳೆದಂತೆ ಅಳಿಯನೇ ಅಂಗಡಿಯ ಯಜಮಾನನಾದ. ಕ್ಯಾಸೆಟ್ಟು ಹೋಯಿತು, ಸಿಡಿ ಬಂದು ಹೋಯಿತು. 2014ರಲ್ಲಿ ಎಚ್‌ಎಂಟಿ ವಾಚಿನ ಕಾರ್ಖಾನೆ ಮುಚ್ಚುವ ಸುದ್ದಿ ಹಬ್ಬಿದಾಗ ಗಿರಾಕಿಗಳು ಒಮ್ಮೆಲೇ ಅದರ ಜನತಾ, ಪೈಲಟ್ ಮಾದರಿಗಳನ್ನು ಕೇಳಿಕೊಂಡು ಬಂದರು. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ ಬೆಂಗಳೂರಿನಲ್ಲಿ ತಯಾರಾಗತೊಡಗಿದ ಆ ವಾಚುಗಳು ಚೋರ್ ಬಜಾರಿನಲ್ಲಿ ಬುಟ್ಟಿಗಟ್ಟಲೆ ಇದ್ದವು. ಆದರೆ ಅವುಗಳಲ್ಲಿ ಬಹಳಷ್ಟಕ್ಕೆ ಡಯಲಿನ ಬಣ್ಣ ಹೊಸದು, ಮುಳ್ಳು ಒಂದರದು, ಒಳಗಿನ ಯಂತ್ರ ಇನ್ನೊಂದರದು. ಸಂಗ್ರಾಹಕರು ಅವನ್ನು ‘ಮುಂಬೈ ಸ್ಪೆಷಲ್’ ಎಂದು ಕರೆಯುತ್ತಾರೆ. ಅಳಿಯ ಹಿಂಬದಿಯ ಮುಚ್ಚಳ ತೆಗೆದು ನೋಡದೆ ಒಂದನ್ನೂ ತರಲಿಲ್ಲ. ಬಣ್ಣ ಹಚ್ಚಿದ್ದನ್ನು ಬಣ್ಣ ಹಚ್ಚಿದ್ದೆಂದೇ ಹೇಳಿ ಮಾರಿದ. ಹಳೇ ಸಾಮಾನಿನ ವ್ಯಾಪಾರದಲ್ಲಿ ಗಿರಾಕಿ ಎರಡನೆಯ ಸಲ ಬರುವುದು ಆ ಮಾತಿಗಾಗಿ.

ಪ್ಲೇಟಿನ ಕಥೆ ಬೇರೆ ದಾರಿ ಹಿಡಿಯಿತು. ಮುಂಬೈಯಲ್ಲಿ 1990ರಲ್ಲಿ ಹುಟ್ಟಿದ ಭಾರತೀಯ ರೆಕಾರ್ಡ್ ಸಂಗ್ರಾಹಕರ ಸಂಘ ಊರೂರಿನ ಹುಚ್ಚರನ್ನು ಒಂದೆಡೆ ಸೇರಿಸಿತು. ಗೌಹರ್ ಜಾನಳ ಚರಿತ್ರೆ ಬರೆದ ಬೆಂಗಳೂರಿನ ವಿಕ್ರಂ ಸಂಪತ್ ಹಳೆಯ ಮುದ್ರಿಕೆಗಳನ್ನು ಡಿಜಿಟಲ್ ರೂಪಕ್ಕೆ ತಂದು ಯಾರು ಬೇಕಾದರೂ ಕೇಳುವಂತೆ ಇಡುವ ಭಂಡಾರ ಕಟ್ಟಿದರು. ಇಂಥ ಭಂಡಾರಗಳ ಬೇರು ಹುಡುಕಿಕೊಂಡು ಹೋದರೆ ಕಾಣುವುದು ಗುಜರಿ ಬೀದಿ. ಸರಕಾರವಾಗಲಿ ವಿಶ್ವವಿದ್ಯಾಲಯವಾಗಲಿ ಕಣ್ಣೆತ್ತಿ ನೋಡದ ದಿನಗಳಲ್ಲಿ ನಾಲ್ಕು ಕಾಸಿನ ಆಸೆಗೆ ನಸುಕಿನಲ್ಲಿ ಎದ್ದು ಹೋದ ಮರುಮಾರಾಟದವರು ಇಲ್ಲದಿದ್ದರೆ ಆ ತಟ್ಟೆಗಳು ಪುಡಿಯಾಗಿ ಹೋಗುತ್ತಿದ್ದವು. ಹಾಡಿನ ಚರಿತ್ರೆ ಬರೆಯುವವರು ಅವರಿಗೆ ಒಂದು ಸಾಲನ್ನಾದರೂ ಕೊಡಬೇಕು. ಆ ಗುಜರಿ ಬೀದಿಗೆ ಅಂಟಿಕೊಂಡ ಭೇಂಡಿ ಬಜಾರಿನ ಹಳೆಯ ಕಟ್ಟಡಗಳು ಈಗ ಒಂದೊಂದಾಗಿ ಉರುಳಿ ಗೋಪುರಗಳು ಏಳುತ್ತಿವೆ.

ಮಾವ ಈಗಿಲ್ಲ. ನೋಟುಬುಕ್ಕುಗಳು ಅಳಿಯನ ಬಳಿ ಇವೆ, ಕೇಳಿದವರಿಗೆ ಅವನು ತೆರೆದು ತೋರಿಸುತ್ತಾನೆ. ಮನೆ ಒಡೆಸುವವರು, ಅಟ್ಟ ಖಾಲಿ ಮಾಡಿಸುವವರು ಅಂಗಡಿಗೆ ಬಂದಾಗ ಅವನು ಹೇಳುವ ಮಾತುಗಳು ಈ ಬರಹ ಓದುವವರಿಗೂ ಸಲ್ಲುತ್ತವೆ. ಅಜ್ಜನ ಪೆಟ್ಟಿಗೆಯಲ್ಲಿ ಕರಿ ತಟ್ಟೆಗಳಿದ್ದರೆ ತೂಕಕ್ಕೆ ಹಾಕಬೇಡಿ. ಒಂದರ ಮೇಲೊಂದು ಮಲಗಿಸದೆ ಪುಸ್ತಕದ ಹಾಗೆ ನಿಲ್ಲಿಸಿಡಿ, ಬಿಸಿಲಿಗೆ ಇಡಬೇಡಿ. ಸ್ಪಿರಿಟ್ ಹಚ್ಚಿ ಒರೆಸಬೇಡಿ, ಅರಗು ಅದರಲ್ಲಿ ಕರಗುತ್ತದೆ. ಒದ್ದೆ ಮಾಡಿ ಹಿಂಡಿದ ಮೆತ್ತನೆಯ ಬಟ್ಟೆ ಸಾಕು, ಲೇಬಲ್ಲಿಗೆ ನೀರು ತಾಕದಿರಲಿ. ಎರಡೂ ಮಗ್ಗುಲಿನ ಲೇಬಲ್ಲಿನ ಫೋಟೊ ತೆಗೆದು ಬಲ್ಲವರಿಗೆ ತೋರಿಸಿ. ಮಾರುವುದಿದ್ದರೆ ಆಮೇಲೆ ಮಾರಿ.